ಎರಡು ಮಿಲಿಗ್ರಾಂ ನಿಕೋಟಿನ್ ಗಮ್: ಹನ್ನೆರಡು ವಾರ ಬಳಸಿದ ಮೇಲೆ

ಹದಿನೆಂಟು ವರ್ಷ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದಿದ ನಾನು, ಅದನ್ನು ಬಿಡಲು ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಕೊಂಡೆ. ಮೊದಲ ವಾರದಲ್ಲೇ ಇದು ಕೆಲಸಕ್ಕೆ ಬಾರದ ವಸ್ತುವೆಂದು ಬಿಸಾಡುವುದರಲ್ಲಿದ್ದೆ. ತಪ್ಪಿದ್ದದ್ದು ಗಮ್ಮಿನಲ್ಲಲ್ಲ, ನಾನು ಅಗಿಯುತ್ತಿದ್ದ ಕ್ರಮದಲ್ಲಿ.

"ಚೂಯಿಂಗ್ ಗಮ್ ಥರಾನೇ ಅಗೀರಿ ಸಾರ್" ಎಂದಿದ್ದರು ಅಂಗಡಿಯವರು. ಹಾಗೆ ಅಗಿದದ್ದಕ್ಕೆ ಗಂಟಲು ಉರಿಯಿತು, ಬಿಕ್ಕಳಿಕೆ ಹಿಡಿಯಿತು, ಹೊಟ್ಟೆ ತೊಳಸಿತು, ಸಿಗರೇಟಿನ ಚಪಲ ಮಾತ್ರ ಇದ್ದಂತೆಯೇ ಇತ್ತು. ಎಂಜಲಿನೊಂದಿಗೆ ಹೊಟ್ಟೆಗಿಳಿದ ನಿಕೋಟಿನ್ನಿನ ಬಹುಪಾಲು ರಕ್ತ ಸೇರುವ ಮೊದಲೇ ಯಕೃತ್ತಿನಲ್ಲಿ ಕರಗಿಹೋಗುತ್ತದೆ. ಅದು ಬಾಯಿಯ ಒಳಪೊರೆಯ ಮೂಲಕವೇ ಒಳಹೋಗಬೇಕು. ಆದ್ದರಿಂದ ನಿಧಾನವಾಗಿ ಅಗಿದು, ಕಾಳುಮೆಣಸು ಕಚ್ಚಿದಂಥ ಚುರುಕು ನಾಲಿಗೆಗೆ ತಟ್ಟಿದ ಕೂಡಲೇ ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ನಾಲ್ಕೈದು ಸಲ ಅಗಿಯುತ್ತಾ ಅರ್ಧ ಗಂಟೆ ಕಳೆಯಬೇಕು. ಇಷ್ಟು ಮುಖ್ಯವಾದ ವಿಷಯವನ್ನು ನಾನು ಕೊಂಡ ಪೊಟ್ಟಣದಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಮುದ್ರಿಸಿದ್ದರು. ಕನ್ನಡದಲ್ಲಿ ಎರಡು ಸಾಲು ಇದ್ದಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಸರಿಯಾಗಿ ಬಳಸಿದರೂ ಇದು ಸಿಗರೇಟಿನ ಸುಖ ಕೊಡುವುದಿಲ್ಲ, ಅದಕ್ಕೆ ಕಾರಣ ಮೆದುಳಿನಲ್ಲಿದೆ. ಸೇದಿದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳು ತಲುಪಿ, ನಡುಮೆದುಳಿನ ನರಕೋಶಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ನರಸಂದೇಶ ರಾಸಾಯನಿಕಕ್ಕೆಂದು ಇರುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಆ ಕೋಶಗಳು ಚುರುಕಾಗಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ, ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಸುರಿಸುತ್ತವೆ. ದಮ್ಮಿಗೂ ಡೋಪಮೈನಿಗೂ ನಡುವೆ ಇಷ್ಟು ಕಡಿಮೆ ಅಂತರವಿರುವುದರಿಂದಲೇ ಬೆಂಕಿಪೆಟ್ಟಿಗೆಯ ಸದ್ದು ಕೂಡ ಮೆದುಳಿಗೆ ಕರೆಯಾಗಿಬಿಡುತ್ತದೆ. ಗಮ್ಮಿನ ನಿಕೋಟಿನ್ ರಕ್ತದಲ್ಲಿ ತನ್ನ ಗರಿಷ್ಠ ಮಟ್ಟ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು. ಸಾಲದ್ದಕ್ಕೆ, ಹೊಗೆಯಲ್ಲಿರುವ ಬೇರೆ ರಾಸಾಯನಿಕಗಳು ಡೋಪಮೈನನ್ನು ಒಡೆಯುವ ಮೋನೊಅಮೈನ್ ಆಕ್ಸಿಡೇಸ್ ಕಿಣ್ವವನ್ನೂ ತಗ್ಗಿಸುತ್ತವೆ. ಸೇದುವವರ ಮೆದುಳಿನಲ್ಲಿ ಅದರ ಬಿ ಬಗೆ ಸುಮಾರು ಶೇ. 40ರಷ್ಟು ಕಡಿಮೆ ಇರುವುದು 1996ರಲ್ಲಿ ಸ್ಕ್ಯಾನ್ ಮೂಲಕ ತಿಳಿದುಬಂತು. ಗಮ್ಮಿನಿಂದ ಅದು ಆಗುವುದಿಲ್ಲ. ನನ್ನ ಮಟ್ಟಿಗೆ ಈ ನಿಧಾನವೇ ಇದರ ದೊಡ್ಡ ಗುಣ: ಸಿಡುಕು, ಚಡಪಡಿಕೆ ಇಳಿಯುವಷ್ಟು ನಿಕೋಟಿನ್ ಸಿಗುತ್ತದೆ, ಮತ್ತೆ ಮತ್ತೆ ಬೇಕೆನಿಸುವ ಆ ಏಟು ಸಿಗುವುದಿಲ್ಲ.

ನನಗೆ ಅತ್ಯಂತ ಕಷ್ಟವಾದದ್ದು ಕಾಫಿ. ಬೆಳಗಿನ ಫಿಲ್ಟರ್ ಕಾಫಿಯ ಜೊತೆಗೇ ಸಿಗರೇಟು ಹಚ್ಚುತ್ತಿದ್ದವನಾದ್ದರಿಂದ ಅದೇ ಹೊತ್ತಿಗೆ ಗಮ್ ಹಾಕಿಕೊಳ್ಳುತ್ತಿದ್ದೆ, ಅದು ಸ್ವಲ್ಪವೂ ನಾಟುತ್ತಿರಲಿಲ್ಲ. ನಿಕೋಟಿನ್ ಹೀರಲ್ಪಡಲು ಬಾಯಿ ಕ್ಷಾರೀಯವಾಗಿರಬೇಕು. ಕಾಫಿ, ಹಣ್ಣಿನ ರಸಗಳ ಆಮ್ಲ ಅದನ್ನು ಕೆಡಿಸುತ್ತದೆ. ಲೋಟ ತೊಳೆದಿಟ್ಟು, ಬಾಯಿ ಮುಕ್ಕಳಿಸಿ, ಕಾಲು ಗಂಟೆ ಕಾದು ಹಾಕಿಕೊಂಡ ದಿನದಿಂದ ವ್ಯತ್ಯಾಸ ಕಂಡಿತು.

ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು ಎಂಬ ಕ್ರಮವನ್ನು ನಾನು ಪಾಲಿಸಿದೆ. ಪುದೀನ ರುಚಿ ಪರವಾಗಿಲ್ಲ, ದವಡೆ ಮಾತ್ರ ನೋಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿಲಿಗ್ರಾಂ ಸಾಲದೆ ಹೋಗಬಹುದು, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಅಗಿದುಳಿದದ್ದರಲ್ಲೂ ನಿಕೋಟಿನ್ ಇರುವುದರಿಂದ ಕಾಗದದಲ್ಲಿ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು.

ಕೊಳ್ಳುವ ಮೊದಲು 1800-11-2356ಕ್ಕೆ ಕರೆ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಅದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ. ನನಗೆ ಈಗ ರಾತ್ರಿ ಊಟದ ನಂತರದ ಒಂದು ಗಮ್ ಮಾತ್ರ ಉಳಿದಿದೆ.