ಬಿಚ್ಚುವುದು ಸಲೀಸು, ಮಡಚುವಾಗಲೇ ಪೇಚಾಟ

ಎರಡು ವರ್ಷದಿಂದ ಈ ಫೋಲ್ಡಿಂಗ್ ಕ್ಯಾಂಪರ್ (ಕಾರಿನ ಹಿಂದೆ ಎಳೆದೊಯ್ದು, ಬಿಚ್ಚಿದರೆ ಟೆಂಟ್ ಆಗುವ ಗಾಡಿ) ಬಳಸುತ್ತಿದ್ದೇನೆ. ಬಿಚ್ಚಿ ನಿಲ್ಲಿಸಲು ‘ಹತ್ತೇ ನಿಮಿಷ’ ಅಂತ ಮಾರಿದವರು ಅಂದಿದ್ದರು. ಸುಳ್ಳೇನಲ್ಲ, ಆದರೆ ಅದು ಕ್ಯಾಂಪರ್‌ಗೆ ಮಾತ್ರ. ಆನಿಂಗ್, ಅಂದರೆ ಪಕ್ಕಕ್ಕೆ ಝಿಪ್‌ನಿಂದ ಜೋಡಿಸಿ ಕೋಲು ಕೊಟ್ಟು ನಿಲ್ಲಿಸುವ ಬಟ್ಟೆಯ ಕೋಣೆ, ಸೇರಿದರೆ ನಮ್ಮಿಬ್ಬರಿಗೆ ಮುಕ್ಕಾಲು ಗಂಟೆ ಬೇಕು.

ಹ್ಯಾಂಡ್‌ಬ್ರೇಕ್ ಹಾಕಿ, ಮಟ್ಟ ನೋಡಿ, ಆಮೇಲೆ ನಾಲ್ಕು ಮೂಲೆಯ ಕಾಲು ಇಳಿಸಬೇಕು. ಈ ಕಾಲುಗಳು ಜ್ಯಾಕ್ ಅಲ್ಲ, ಗಾಡಿ ಅಲುಗದ ಹಾಗೆ ಹಿಡಿಯಲು ಅಷ್ಟೇ. ಮೊದಲ ಸಲ ಅವುಗಳಿಂದಲೇ ಗಾಡಿ ಎತ್ತಲು ಹೋಗಿ ಒಂದನ್ನು ಬಗ್ಗಿಸಿದೆ. ತಪ್ಪು ನನ್ನದೇ ಬಿಡಿ.

ಆನಿಂಗ್ ಝಿಪ್ ಮಾತ್ರ ನಿಜಕ್ಕೂ ತಲೆನೋವು. ಬಟ್ಟೆಯ ಭಾರ ಅದರ ಮೇಲೆ ಬಿದ್ದರೆ ಮಧ್ಯದಲ್ಲೇ ಕಚ್ಚಿಕೊಳ್ಳುತ್ತದೆ. ಒಬ್ಬರು ತಲೆಯ ಮೇಲೆ ಬಟ್ಟೆ ಹೊತ್ತು ನಿಲ್ಲಬೇಕು, ಇನ್ನೊಬ್ಬರು ಇಂಚಿಂಚಾಗಿ ಎಳೆಯಬೇಕು. ಝಿಪ್ ಹಲ್ಲಿಗೆ ಮೇಣದಬತ್ತಿ ಉಜ್ಜಿದ ಮೇಲೆ ಜಗಳ ಸ್ವಲ್ಪ ಕಡಿಮೆಯಾಗಿದೆ. ಕೋಲುಗಳೆಲ್ಲ ನೋಡಲು ಒಂದೇ ಥರ, ಗುರುತು ಸಹ ಇಲ್ಲ. ಬಣ್ಣದ ಟೇಪ್ ನಾವೇ ಸುತ್ತಿಕೊಂಡೆವು.

ಮಡಚುವಾಗ ಅವಸರ ಮಾಡಿದರೆ ಕೆಟ್ಟಿರಿ. ಬಟ್ಟೆಯನ್ನು ಪೂರ್ತಿ ಒಳಗೆ ತುರುಕದೆ ಮುಚ್ಚಿದರೆ ಹಿಂಜ್‌ಗೆ ಸಿಕ್ಕಿ ಹರಿಯುತ್ತದೆ. ಒಮ್ಮೆ ಮಳೆಯಲ್ಲಿ ನೆನೆದದ್ದನ್ನು ಹಾಗೇ ಮಡಚಿಟ್ಟು ನಾಲ್ಕು ದಿನ ಮರೆತೆ. ತೆರೆದರೆ ಕಾಟನ್ ಮೇಲೆಲ್ಲ ಕರಿ ಚುಕ್ಕೆ, ಮುಗ್ಗಲು ವಾಸನೆ. ಎಷ್ಟು ಉಜ್ಜಿದರೂ ಚುಕ್ಕೆ ಹೋಗಲಿಲ್ಲ.

ಒಂದೇ ರಾತ್ರಿ ತಂಗುವುದಾದರೆ ಆನಿಂಗ್ ಬಿಚ್ಚಲೇಬೇಡಿ. ಮೂರು ದಿನಕ್ಕಾದರೆ ಪರವಾಗಿಲ್ಲ, ಒಳಗಿನ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.