ಶ್ವಾಸಾಂಗಗಳ ಮಾದರಿ: ಬಿಚ್ಚಿ ತೋರಿಸಲು ಚೆನ್ನ, ಉಸಿರಾಟ ತಿಳಿಸಲು ಸಾಲದು

ಚಿಕ್ಕಮಗಳೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು, ಹತ್ತನೆಯ ತರಗತಿಯ ಜೀವಕ್ರಿಯೆಗಳ ಪಾಠಕ್ಕೆಂದು ಪೇಟೆಯ ಅಂಗಡಿಯೊಂದರಿಂದ ಶ್ವಾಸಾಂಗಗಳ ಪ್ಲಾಸ್ಟಿಕ್ ಮಾದರಿಯನ್ನು 2,600 ರೂಪಾಯಿಗೆ ಕೊಂಡಿದ್ದೆ. ಪಾಠ ಮುಗಿಯುವವರೆಗೂ ಬಳಸಿ ನೋಡಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಧ್ವನಿಪೆಟ್ಟಿಗೆಯಿಂದ ಕೆಳಗೆ ಏಳು ಭಾಗಗಳಾಗಿ ಬಿಚ್ಚಿಕೊಳ್ಳುವ ಈ ಮಾದರಿಯಲ್ಲಿ ರಚನೆಯನ್ನು ಬಹಳ ಶ್ರದ್ಧೆಯಿಂದ ಮೂಡಿಸಿದ್ದಾರೆ. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಪೂರ್ತಿ ಬಳೆಗಳಲ್ಲ. ಹಿಂಬದಿಯಲ್ಲಿ, ಅನ್ನನಾಳಕ್ಕೆ ತಾಗುವ ಕಡೆ, ತೆರೆದಿರುತ್ತವೆ. ತುತ್ತು ಇಳಿಯುವಾಗ ಅನ್ನನಾಳ ಹಿಗ್ಗಲು ಎಡೆ ಸಿಗುವುದು ಇದರಿಂದಲೇ. ಮಕ್ಕಳು ಕಣ್ಣು ಮುಚ್ಚಿ ಬೆರಳಾಡಿಸಿಯೇ ಇದನ್ನು ಕಂಡುಕೊಂಡರು. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಹೃದಯಕ್ಕೆ ಜಾಗ ಬಿಟ್ಟ ಎಡಗಡೆಯದರಲ್ಲಿ ಎರಡು. ಶ್ವಾಸನಾಳದ ಬಲಗವಲು ಎಡಗವಲಿಗಿಂತ ಅಗಲ, ಗಿಡ್ಡ ಮತ್ತು ಹೆಚ್ಚು ನೇರ. ಒಬ್ಬ ಹುಡುಗಿ ಮನೆಯಿಂದ ತಂದ ಕಾಫಿ ಬೀಜವನ್ನು ಮೇಲಿನಿಂದ ನಾಲ್ಕು ಸಲ ಹಾಕಿದಳು, ಮೂರು ಸಲ ಅದು ಬಲಕ್ಕೇ ಜಾರಿತು. ಉಸಿರಿನೊಂದಿಗೆ ಒಳಸರಿದ ಕಾಳು ಬಲಗಡೆ ಸಿಕ್ಕಿಕೊಳ್ಳುವುದೇ ಹೆಚ್ಚು ಎಂಬುದನ್ನು ಆ ತರಗತಿ ಇನ್ನು ಮರೆಯಲಾರದು.

ವಾಯುಕೋಶಗಳನ್ನು ಹಿಗ್ಗಿಸಿ ತೋರಿಸುವ ಫಲಕವೂ ಅಂದವಾಗಿದೆ. ನಮ್ಮೊಳಗೆ 30 ಕೋಟಿಗೂ ಹೆಚ್ಚಿರುವ ಈ ಪುಟ್ಟ ಚೀಲಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಆದರೆ ಇಲ್ಲೊಂದು ದೊಡ್ಡ ತಪ್ಪಿದೆ. ಹೃದಯದಿಂದ ಶ್ವಾಸಕೋಶಕ್ಕೆ ಆಮ್ಲಜನಕ ಕಡಿಮೆಯಾದ ರಕ್ತವನ್ನು ಒಯ್ಯುವ ಅಪಧಮನಿಗೆ, ಆಮ್ಲಜನಕ ತುಂಬಿದ ರಕ್ತವನ್ನು ಗುರುತಿಸುವ ಕೆಂಪು ಬಣ್ಣ ಬಳಿದಿದ್ದಾರೆ. ಅಂಗಡಿಯವರನ್ನು ಕೇಳಿದರೆ, "ಅಪಧಮನಿ ಅಂದ್ಮೇಲೆ ಕೆಂಪೇ ಅಲ್ವಾ ಮೇಷ್ಟ್ರೇ?" ಎಂದರು. ದೇಹದ ಉಳಿದೆಡೆಗೆ ಆ ಮಾತು ಸಲ್ಲುತ್ತದೆ, ಇಲ್ಲಿ ಸಲ್ಲದು. ಮಕ್ಕಳು ಎಡವುವುದೂ ಇಲ್ಲಿಯೇ ಆದ್ದರಿಂದ ಈ ತಪ್ಪನ್ನು ಸಣ್ಣದೆಂದು ಬಿಡಲು ನನಗೆ ಮನಸ್ಸಾಗಲಿಲ್ಲ. ನೀಲಿ ಬಣ್ಣ ತಂದು ನಾನೇ ಬಳಿದೆ.

ಇದಕ್ಕಿಂತ ನೋವಿನ ಕೊರತೆ ವಪೆಯದು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯದು. ಅದನ್ನು ಹಲಗೆಗೆ ಅಂಟಿಸಿಬಿಟ್ಟಿದ್ದಾರೆ. ಶ್ವಾಸಕೋಶ ತಾನಾಗಿ ಗಾಳಿ ಎಳೆದುಕೊಳ್ಳುವುದಿಲ್ಲ. ವಪೆ ಸಂಕುಚಿಸಿ ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದು, ಎದೆಗೂಡು ಹಿಗ್ಗಿ, ಒಳಗಿನ ಒತ್ತಡ ಹೊರಗಿನದಕ್ಕಿಂತ ತಗ್ಗಿದಾಗ ಮಾತ್ರ ಗಾಳಿ ಒಳಗೆ ಬರುತ್ತದೆ. ಈ ಮಾದರಿಯನ್ನಷ್ಟೇ ನೋಡಿದ ಮಕ್ಕಳಲ್ಲಿ ಹಲವರು ಕಿರುಪರೀಕ್ಷೆಯಲ್ಲಿ "ಗಾಳಿ ತುಂಬುವುದರಿಂದ ಎದೆ ಉಬ್ಬುತ್ತದೆ" ಎಂದು ತಿರುವುಮುರುವಾಗಿ ಬರೆದರು. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಏದುಸಿರು ಏಕೆ ಎಂದು ಅವರು ಕೇಳಿದಾಗಲೂ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚದಂತೆ ಮಿದುಳಿನ ಕಾಂಡ ವಪೆಯನ್ನು ಬೇಗಬೇಗ ದುಡಿಸುತ್ತದೆ ಎಂದು ಬಾಯಲ್ಲಿ ಹೇಳಿದೆನೇ ಹೊರತು ಕೈಯಲ್ಲಿ ತೋರಿಸಲಾಗಲಿಲ್ಲ. ಕೊನೆಗೆ ತಳ ಕತ್ತರಿಸಿದ ನೀರಿನ ಬಾಟಲಿ, ಒಳಗೊಂದು ಬಲೂನು, ತಳಕ್ಕೆ ಬಿಗಿದ ಇನ್ನೊಂದು ಬಲೂನಿನ ತುಂಡು ಇವುಗಳಿಂದಲೇ ಆ ಕೆಲಸ ಆಯಿತು. ಕೆಳಗಿನ ರಬ್ಬರನ್ನು ಎಳೆದೊಡನೆ ಒಳಗಿನ ಬಲೂನು ತಾನೇ ಅರಳಿತು.

ಬೇರೆ ಶಾಲೆಯವರು ಇಂಥ ಮಾದರಿ ಕೊಳ್ಳುವ ಮುನ್ನ ಅಂಗಡಿಯಲ್ಲೇ ಬಿಚ್ಚಿಸಿ ಆ ನಾಳದ ಬಣ್ಣ ನೋಡಲಿ, ವಪೆಯನ್ನು ಬೆರಳಿನಿಂದ ಒತ್ತಿ ನೋಡಲಿ. ಎರಡೂ ಸರಿಯಿದ್ದರೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.