ಡಿಐ2 ಸೈಕಲ್ ಸರ್ವೀಸಿಗೆ ಬಿಡ್ತೀರಾ? ಖಾಲಿ ಪೋರ್ಟ್ ನೋಡಿಕೊಳ್ಳಿ

ಡಿಐ2 ಅಂದರೆ ಬ್ಯಾಟರಿ, ಮೋಟರಿನಿಂದ ಬದಲಾಗುವ ಶಿಮಾನೊ ಕಂಪನಿಯ ಎಲೆಕ್ಟ್ರಾನಿಕ್ ಗೇರ್. ಅದಿರುವ ರೋಡ್ ಸೈಕಲ್ ಸರ್ವೀಸಿನಿಂದ ವಾಪಸ್ ಬಂದ ತಕ್ಷಣ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಭಾಗ) ಕೆಳಗಿನ ಜಂಕ್ಷನ್ ಬಾಕ್ಸನ್ನು, ಅಂದರೆ ಗೇರಿನ ವೈರುಗಳು ಬಂದು ಸೇರುವ ಪುಟ್ಟ ಪೆಟ್ಟಿಗೆಯನ್ನು, ಬಗ್ಗಿ ನೋಡಿ. ದಯವಿಟ್ಟು ನೋಡಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ನನ್ನದು ಶಿಮಾನೊ ಅಲ್ಟೆಗ್ರಾ ಡಿಐ2, 11 ಸ್ಪೀಡಿನದು (ಹಿಂದೆ 11 ಗೇರ್). ಬಾಕ್ಸಿನಲ್ಲಿ ವೈರ್ ಸಿಕ್ಕಿಸುವ ಐದು ತೂತು, ಅಂದರೆ ಪೋರ್ಟ್, ಇವೆ. ಮೂರಕ್ಕೆ ವೈರ್ ಬರುತ್ತದೆ. ಉಳಿದೆರಡನ್ನು ಡಮ್ಮಿ ಪ್ಲಗ್ ಹಾಕಿ ಮುಚ್ಚಲೇಬೇಕು. ಬೆಂಗಳೂರಿನ ಒಂದು ಅಂಗಡಿಯವರು ಹ್ಯಾಂಡಲ್ ಬಿಚ್ಚಿ ಜೋಡಿಸುವಾಗ ಒಂದು ಪ್ಲಗ್ ಹಾಕದೇ ಬಿಟ್ಟರು. ಆಮೇಲೆ ಪ್ರೆಶರ್ ಗನ್‌ನಲ್ಲಿ ನೀರು ಹೊಡೆದು, ಫಳಫಳ ಹೊಳೆಯುವ ಹಾಗೆ ತೊಳೆದು ಕೊಟ್ಟರು.

ತಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳಾದ ಮೇಲೆ ಬ್ಯಾಟರಿ ಬೇಗ ಇಳಿಯತೊಡಗಿತು. ಫುಲ್ ಚಾರ್ಜಿಗೆ ಹೆಚ್ಚುಕಮ್ಮಿ 1000 ಕಿಲೋಮೀಟರ್ ಬರಬೇಕಾದದ್ದು, ಮನೆಯಲ್ಲಿ ಸುಮ್ನೆ ನಿಂತಿದ್ದರೂ ಖಾಲಿ! ಒಂದು ಭಾನುವಾರ ನಂದಿ ಬೆಟ್ಟ ಹತ್ತುವಾಗ ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ನಿಂತಿತು, ಸ್ವಲ್ಪ ಹೊತ್ತಿಗೆ ಹಿಂದಿನದೂ ನಿಂತಿತು. ಚಾರ್ಜ್ ಇಳಿದಾಗ ಇದೇ ಕ್ರಮದಲ್ಲಿ ನಿಲ್ಲುತ್ತವೆ. ಚೈನ್ ಮುಂದಿನ ದೊಡ್ಡ ರಿಂಗಿನಲ್ಲೇ, ಅಂದರೆ ಭಾರದ ಗೇರಿನಲ್ಲೇ, ಉಳಿದರೆ ಆ ತಿರುವುಗಳಲ್ಲಿ ಮಂಡಿ ಏನಾಗುತ್ತದೆ ಅಂತ ಹತ್ತಿದವರಿಗೆ ಗೊತ್ತಲ್ವಾ.

ಅದೇ ಅಂಗಡಿಗೆ ಒಯ್ದೆ. "ಬ್ಯಾಟರಿ ಹೋಗಿದೆ ಸರ್" ಅಂದರು. ಹೊಸದು ಹಾಕಿಸಿದೆ, ಅದೂ ಹಾಗೇ ಇಳಿಯಿತು. ಈ ಸಲ "ಡಿರೇಲರ್ ಮೋಟರ್ ಹೋಗಿದೆ, ಬದಲಾಯಿಸಬೇಕು" ಅಂದರು. ರೇಟ್ ಕೇಳಿ ಸೈಕಲ್ ವಾಪಸ್ ತಂದೆ.

ಬೇರೆ ಮೆಕ್ಯಾನಿಕ್ ಒಬ್ಬರು ತಮ್ಮ ಹತ್ತಿರ ಇದ್ದ ಒಳ್ಳೆಯ ಜಂಕ್ಷನ್ ಬಾಕ್ಸ್ ಸಿಕ್ಕಿಸಿ ನೋಡಿದರು. ಎಲ್ಲಾ ಗೇರೂ ಸರಿಯಾಗಿ ಬಿದ್ದವು. ನನ್ನ ಬಾಕ್ಸಿನ ಖಾಲಿ ಪೋರ್ಟಿಗೆ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ನೀರು ಹೋಗಿ ಪಿನ್ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಮೋಟರಿಗೆ ಏನೂ ಆಗಿರಲಿಲ್ಲ. ಬ್ಯಾಟರಿ ದುಡ್ಡು ಕೇಳಿದರೆ ಮೊದಲಿನ ಅಂಗಡಿಯವರು "ಎಲೆಕ್ಟ್ರಾನಿಕ್ ಐಟಂ, ವಾಪಸ್ ಇಲ್ಲ" ಅಂದುಬಿಟ್ಟರು. ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರೆಶರ್ ಗನ್ ಬೇಡವೇ ಬೇಡ ಅಂತ ಮೊದಲೇ ಹೇಳಿ, ಬಕೆಟ್ ನೀರು, ಬಟ್ಟೆ ಸಾಕು. ವೈರನ್ನು ಇಕ್ಕಳದಲ್ಲಿ ಎಳೆಯಲು ಬಿಡಬೇಡಿ, ಅದಕ್ಕೇ ಅಂತ ಪುಟ್ಟ ಪ್ಲಾಸ್ಟಿಕ್ ಟೂಲ್ ಇದೆ. ಒತ್ತಿದಾಗ ಕ್ಲಿಕ್ ಅಂದರೆ ಮಾತ್ರ ವೈರ್ ಪೂರ್ತಿ ಕೂತಿದೆ ಅಂತ ಅರ್ಥ. ಯಾರಾದರೂ ದುಬಾರಿ ಪಾರ್ಟ್ ಹೋಗಿದೆ ಅಂದರೆ, ಒಂದೊಂದೇ ಪಾರ್ಟ್ ಬಿಡಿಸಿ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿ.

ಇನ್ನೊಂದು ವಿಷಯ. 2021ರಲ್ಲಿ 12 ಸ್ಪೀಡ್ ಡಿಐ2 ಬಂದಾಗ ವೈರಿನ ಪ್ಲಗ್ಗೇ ಸಣ್ಣದಾಯಿತು. ಹೊಸ ಎಸ್‌ಡಿ300 ವೈರ್ ನಮ್ಮ ಹಳೆ ಪೋರ್ಟಿಗೆ ನೇರವಾಗಿ ಕೂರುವುದಿಲ್ಲ. 11 ಸ್ಪೀಡ್ ಇಟ್ಟುಕೊಂಡವರು ಹಳೆ ಎಸ್‌ಡಿ50 ವೈರ್ ಒಂದೆರಡು, ಡಮ್ಮಿ ಪ್ಲಗ್ ನಾಲ್ಕು, ಸಿಗುವಾಗಲೇ ತೆಗೆದಿಡಿ.